ನಂಬಿಯಾರ್ ನೆನಪು: ಪದಕಕ್ಕೆ ಮೊದಲಿನ ವರ್ಷಗಳ ಲೆಕ್ಕ ಇಡುವವರು ಯಾರು?

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ಲಭಿಸಿರುವುದು 2025ರ ನವೆಂಬರ್‌ನಲ್ಲಿ ಅಧಿಕೃತವಾಗಿ ಪ್ರಕಟವಾಯಿತು. ಅದಕ್ಕೂ ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, 2036ರ ಒಲಿಂಪಿಕ್ಸ್ ನಡೆಸುವ ಆಸಕ್ತಿಯನ್ನು ವ್ಯಕ್ತಪಡಿಸಿ ಭಾರತವು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರ ಸಲ್ಲಿಸಿತ್ತು. ಅಂದಿನಿಂದ ಕ್ರೀಡಾಂಗಣ, ಕ್ರೀಡಾಗ್ರಾಮ, ಪ್ರಾಯೋಜಕರು, ಖರ್ಚುವೆಚ್ಚ ಮುಂತಾದ ವಿಷಯಗಳ ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಆದರೆ ಈ ಚರ್ಚೆಯಲ್ಲಿ ಒಂದು ಸರಳವಾದ ಲೆಕ್ಕ ಮರೆತುಹೋದಂತಿದೆ. 2036ರಲ್ಲಿ ಭಾರತದ ಪರವಾಗಿ ಓಡಬೇಕಾದ ಹುಡುಗಿ ಇಂದು ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿದ್ದಾಳೆ. ಅವಳನ್ನು ಗುರುತಿಸುವವರು ಯಾರು? ಗುರುತಿಸಿದ ಮೇಲೆ ಹತ್ತು ವರ್ಷ ಬಿಡದೆ ಜತೆಗಿದ್ದು ತಿದ್ದುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ನೆನಪಿಗೆ ಬರುವ ಮೊದಲ ಹೆಸರು ಒ.ಎಂ. ನಂಬಿಯಾರ್ ಅವರದು. ಪಿ.ಟಿ. ಉಷಾ ಅವರ ತರಬೇತುದಾರರೆಂದೇ ದೇಶಕ್ಕೆ ಪರಿಚಿತರಾಗಿದ್ದ ಅವರು 2021ರ ಆಗಸ್ಟ್ 19ರಂದು ತಮ್ಮ 89ನೇ ವಯಸ್ಸಿನಲ್ಲಿ ಉತ್ತರ ಕೇರಳದ ವಡಕರದಲ್ಲಿ ನಿಧನರಾದರು. ಅವರ ಬದುಕನ್ನು ಕೇವಲ ಗುರುಭಕ್ತಿಯ ಕಥೆಯಾಗಿ ಸ್ಮರಿಸಿ ಮುಗಿಸುವುದು ಸುಲಭ. ಆದರೆ ಆ ಬದುಕಿನಲ್ಲಿ ಇಂದಿನ ಕ್ರೀಡಾ ನೀತಿಗೆ ಕೆಲವು ನೇರವಾದ ಪ್ರಶ್ನೆಗಳಿವೆ. ಅವನ್ನು ಕೇಳಿಕೊಳ್ಳಲು ಇದು ಸಕಾಲ.

ವಾಯುಪಡೆಯಿಂದ ಬಾಲಕಿಯರ ಮೈದಾನಕ್ಕೆ

ನಂಬಿಯಾರ್ ಮೂಲತಃ ಓಟಗಾರರು. ವಡಕರ ಸಮೀಪದ ಮಣಿಯೂರಿನವರಾದ ಅವರು ಭಾರತೀಯ ವಾಯುಪಡೆಗೆ ಸೇರಿ, ಹದಿನೈದು ವರ್ಷ ಸೇವೆ ಸಲ್ಲಿಸಿ, 1970ರಲ್ಲಿ ಸಾರ್ಜೆಂಟ್ ದರ್ಜೆಯಲ್ಲಿ ನಿವೃತ್ತರಾದರು. ಸೇವೆಯಲ್ಲಿದ್ದಾಗಲೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಡಿಪ್ಲೊಮಾ ಪಡೆದಿದ್ದರು. ಕೇರಳದಲ್ಲಿ ಕ್ರೀಡಾ ಆಡಳಿತಕ್ಕೆ ಅಡಿಪಾಯ ಹಾಕಿದ ಕರ್ನಲ್ ಗೋದವರ್ಮ ರಾಜ ಅವರ ಆಹ್ವಾನದ ಮೇರೆಗೆ ರಾಜ್ಯ ಕ್ರೀಡಾ ಮಂಡಳಿಯತ್ತ ಹೊರಳಿದರು. ಗೋದವರ್ಮ ರಾಜ ಅವರು 1971ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಆದರೆ ಅವರು ಕಟ್ಟಿದ ವ್ಯವಸ್ಥೆ ಉಳಿಯಿತು.

ಸೈನಿಕರಿಗೆ ಓಟ ಕಲಿಸುವುದಕ್ಕೂ ಹಳ್ಳಿಯಿಂದ ಬಂದ ಹನ್ನೆರಡು ವರ್ಷದ ಬಾಲಕಿಗೆ ಓಟ ಕಲಿಸುವುದಕ್ಕೂ ಅಗಾಧ ವ್ಯತ್ಯಾಸವಿದೆ. ಸೈನಿಕನಿಗೆ ಊಟ, ವಸತಿ, ಸಂಬಳ ಎಲ್ಲವೂ ಇರುತ್ತವೆ. ಆತ ಮೈದಾನಕ್ಕೆ ಬರುವುದು ಆಜ್ಞೆಯ ಮೇಲೆ. ಬಾಲಕಿಯ ವಿಷಯದಲ್ಲಾದರೋ ಮೊದಲು ಮನೆಯವರ ಒಪ್ಪಿಗೆ ಬೇಕು. ಮಗಳು ಊರು ಬಿಟ್ಟು ಹಾಸ್ಟೆಲಿನಲ್ಲಿ ಇರುವುದಕ್ಕೆ, ತುಂಡು ಚಡ್ಡಿ ತೊಟ್ಟು ಜನರೆದುರು ಓಡುವುದಕ್ಕೆ, ಮದುವೆಯ ಮಾತು ಮುಂದೂಡುವುದಕ್ಕೆ ಕುಟುಂಬವೊಂದು ಮನಸ್ಸು ಮಾಡಬೇಕು. ಎಪ್ಪತ್ತರ ದಶಕದ ಭಾರತದಲ್ಲಿ ಈ ಒಪ್ಪಿಗೆಯನ್ನು ಸಂಪಾದಿಸುವುದು ಸಮಯಗಡಿಯಾರ ಹಿಡಿದು ನಿಲ್ಲುವಷ್ಟೇ ಮುಖ್ಯವಾದ ಕೆಲಸವಾಗಿತ್ತು. ಪಠ್ಯದಲ್ಲಿಲ್ಲದ ಈ ಕೆಲಸಕ್ಕೆ ಯಾವ ಡಿಪ್ಲೊಮಾವೂ ಇರಲಿಲ್ಲ.

ಒಂದು ಸರ್ಕಾರಿ ಯೋಜನೆಯ ಫಲ

ಉಷಾ ಎಂದರೆ ದೈವದತ್ತ ಪ್ರತಿಭೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರತಿಭೆ ಇತ್ತೆಂಬುದು ನಿರ್ವಿವಾದ. ಆದರೆ ಆ ಪ್ರತಿಭೆ ಬೆಳಕಿಗೆ ಬಂದ ಬಗೆಯನ್ನು ಗಮನಿಸಿದರೆ ಅಲ್ಲಿ ಮೂರು ಕೊಂಡಿಗಳು ಕಾಣುತ್ತವೆ.

ಮೊದಲನೆಯದು ಶಾಲೆ. ಉಷಾ ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಯ ಶಿಕ್ಷಕರೊಬ್ಬರು ಅವರನ್ನು ತಮಗಿಂತ ದೊಡ್ಡ ತರಗತಿಯ ಚಾಂಪಿಯನ್ ಹುಡುಗಿಯ ಎದುರು ಓಡಿಸಿದರು. ಉಷಾ ಗೆದ್ದರು. ಎರಡನೆಯದು ಸರ್ಕಾರ. 1976ರಲ್ಲಿ ಕೇರಳ ಸರ್ಕಾರವು ಕಣ್ಣೂರಿನಲ್ಲಿ ಬಾಲಕಿಯರಿಗಾಗಿಯೇ ಕ್ರೀಡಾ ವಿಭಾಗವನ್ನು ತೆರೆಯಿತು. ಅದಕ್ಕೆ ಆಯ್ಕೆಯಾದ ನಲವತ್ತು ಬಾಲಕಿಯರಲ್ಲಿ ಉಷಾ ಒಬ್ಬರು. ತಿಂಗಳಿಗೆ 250 ರೂಪಾಯಿ ಶಿಷ್ಯವೇತನ ಸಿಗುತ್ತಿತ್ತು. ಬಡತನ ಮತ್ತು ಅನಾರೋಗ್ಯ ಎರಡನ್ನೂ ಬಾಲ್ಯದಲ್ಲಿ ಕಂಡಿದ್ದ ಹುಡುಗಿಗೆ ಅದು ಸಣ್ಣ ಮೊತ್ತವೇನಲ್ಲ. ಮೂರನೆಯ ಕೊಂಡಿ ನಂಬಿಯಾರ್. ಆ ವರ್ಷ ಬಹುಮಾನ ವಿತರಣೆಯ ಸಮಾರಂಭವೊಂದರಲ್ಲಿ ಉಷಾ ಅವರನ್ನು ಮೊದಲ ಬಾರಿ ಕಂಡಾಗ ಅವರ ಸಪೂರ ಮೈಕಟ್ಟು ಮತ್ತು ನಡಿಗೆಯ ವೇಗ ತಮ್ಮ ಗಮನ ಸೆಳೆದವೆಂದು ನಂಬಿಯಾರ್ ಅನಂತರದ ವರ್ಷಗಳಲ್ಲಿ ನೆನಪಿಸಿಕೊಂಡಿದ್ದರು. ಓಟವನ್ನು ನೋಡಿ ಓಟಗಾರ್ತಿಯನ್ನು ಗುರುತಿಸುವವರು ಹಲವರಿರುತ್ತಾರೆ. ನಡಿಗೆಯನ್ನು ನೋಡಿ ಗುರುತಿಸಬೇಕಾದರೆ ಪಳಗಿದ ಕಣ್ಣು ಬೇಕು.

ಈ ಮೂರು ಕೊಂಡಿಗಳಲ್ಲಿ ಯಾವುದೊಂದು ಕಳಚಿದ್ದರೂ ಪಯ್ಯೋಳಿಯ ಆ ಹುಡುಗಿ ಪಯ್ಯೋಳಿಯಲ್ಲೇ ಉಳಿದಿರುತ್ತಿದ್ದಳು. ಶಾಲೆಯಲ್ಲಿ ಗಮನಿಸುವ ಶಿಕ್ಷಕ, ಸರ್ಕಾರದ ಖರ್ಚಿನಲ್ಲಿ ವಸತಿ ಮತ್ತು ಆಹಾರ, ಸಂಬಳದ ಮೇಲೆ ಒಂದೇ ಕಡೆ ಇರುವ ಅರ್ಹ ತರಬೇತುದಾರ — ಇವು ಮೂರೂ ಸಾರ್ವಜನಿಕ ವ್ಯವಸ್ಥೆಯ ಅಂಗಗಳೆಂಬುದನ್ನು ಗಮನಿಸಬೇಕು. ಖಾಸಗಿ ಅಕಾಡೆಮಿಗಳ ಈ ಕಾಲದಲ್ಲಿ ಇದನ್ನು ನೆನಪಿಸುವುದು ಅಗತ್ಯ.

ಮರಳು, ಅಲೆ ಮತ್ತು ದಿನಚರಿ

ಸಿಂಥೆಟಿಕ್ ಟ್ರ್ಯಾಕ್ ಎಂಬುದು ಆ ಭಾಗದ ಹುಡುಗಿಯರಿಗೆ ಕನಸಾಗಿದ್ದ ಕಾಲವದು. ನಂಬಿಯಾರ್ ಅವರಿಗೆ ಲಭ್ಯವಿದ್ದುದು ಪಯ್ಯೋಳಿಯ ಕಡಲತೀರ. ಮರಳಿನಲ್ಲಿ ಓಡುವಾಗ ಕಾಲು ಹೂತುಕೊಳ್ಳುವುದರಿಂದ ಪ್ರತಿ ಹೆಜ್ಜೆಗೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಅಲೆಯ ನೀರಿನ ವಿರುದ್ಧ ಕಾಲೆತ್ತುವಾಗ ತೊಡೆ ಮತ್ತು ಸೊಂಟದ ಸ್ನಾಯುಗಳು ಗಟ್ಟಿಗೊಳ್ಳುತ್ತವೆ. ಇಂದಿನ ತರಬೇತಿ ಕೇಂದ್ರಗಳು ದುಬಾರಿ ಉಪಕರಣಗಳಿಂದ ಸಾಧಿಸುವುದನ್ನು ಅವರು ಕಡಲಿನಿಂದ ಪಡೆದರು. ಉಷಾ ಅವರ ಓಟದ ಮಾತು ಬಂದಾಗಲೆಲ್ಲ ಈ ಕಡಲತೀರದ ಪ್ರಸ್ತಾಪ ಬರುತ್ತದೆ. ಆದರೆ ಅದರಲ್ಲಿ ಪವಾಡವೇನೂ ಇರಲಿಲ್ಲ. ಇದ್ದುದರಲ್ಲಿ ದುಡಿಯುವ ಜಾಣ್ಮೆ ಮತ್ತು ಬಿಡದ ದಿನಚರಿ ಇತ್ತು.

ಈ ದಿನಚರಿಗೆ ಫಲ ಒಂದೇ ಸಲ ಬರಲಿಲ್ಲ. 1979ರ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಉಷಾ ವೈಯಕ್ತಿಕ ಚಾಂಪಿಯನ್ ಆದರು. 1980ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮಾಸ್ಕೊ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಸ್ಪರ್ಧಿಸಿ ಪ್ರಾಥಮಿಕ ಸುತ್ತಿನಲ್ಲೇ ಹೊರಬಿದ್ದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ 100 ಹಾಗೂ 200 ಮೀಟರ್ ಓಟಗಳಲ್ಲಿ ಬೆಳ್ಳಿ ಪದಕ ಬಂತು. 1983ರಲ್ಲಿ ಕುವೈತ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ 400 ಮೀಟರ್‌ನಲ್ಲಿ ಚಿನ್ನ ದೊರೆಯಿತು. ಅಂದರೆ ಕಣ್ಣೂರಿನ ಮೊದಲ ದಿನದಿಂದ ಏಷ್ಯಾದ ಚಿನ್ನದವರೆಗೆ ಏಳು ವರ್ಷ. ಮಾಸ್ಕೊದ ಸೋಲಿನ ನಂತರ ಶಿಷ್ಯೆಯನ್ನು ಬೇರೊಬ್ಬರಿಗೆ ಒಪ್ಪಿಸಿದ್ದರೆ ಅಥವಾ ತರಬೇತುದಾರರನ್ನೇ ಬೇರೆ ಜಿಲ್ಲೆಗೆ ವರ್ಗ ಮಾಡಿದ್ದರೆ ಮುಂದಿನ ಕಥೆ ಬೇರೆಯಾಗಿರುತ್ತಿತ್ತು.

ನೂರನೇ ಒಂದು ಸೆಕೆಂಡ್

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಆ ಓಟ ಭಾರತೀಯರ ನೆನಪಿನಲ್ಲಿ ಅಚ್ಚೊತ್ತಿದೆ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದು ಆ ವರ್ಷವೇ. ಸೆಮಿಫೈನಲ್‌ನಲ್ಲಿ ಉಷಾ ಮೊದಲಿಗರಾದರು. ಫೈನಲ್‌ನಲ್ಲಿ ಮೊರಾಕ್ಕೊದ ನವಲ್ ಎಲ್ ಮುತವಕಿಲ್ 54.61 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡ್‌ಗಳಲ್ಲಿ ಮೂರನೆಯವರಾದರು. ಉಷಾ ಅವರ ಕಾಲ 55.42. ಕಂಚಿಗೂ ಭಾರತಕ್ಕೂ ನಡುವೆ ಇದ್ದುದು ಸೆಕೆಂಡಿನ ನೂರನೇ ಒಂದು ಭಾಗ.

ಈ ಒಂದು ಭಾಗ ಎಲ್ಲಿ ಕಳೆದುಹೋಯಿತು ಎಂಬುದನ್ನು ಕುರಿತು ನಾಲ್ಕು ದಶಕಗಳಿಂದ ಮಾತು ನಡೆದಿದೆ. ಮೊದಲ ಆರಂಭ ತಪ್ಪಾಗಿ ಓಟವನ್ನು ಮತ್ತೆ ಶುರುಮಾಡಬೇಕಾಯಿತು ಎನ್ನುವವರಿದ್ದಾರೆ. ಕೊನೆಯ ಗಳಿಗೆಯಲ್ಲಿ ಎದೆ ಮುಂದೆ ಚಾಚಲಿಲ್ಲ ಎನ್ನುವವರಿದ್ದಾರೆ. ಉಷಾ ಅವರು ಇನ್ನೂ ಸರಳವಾದ ಸಂಗತಿಯೊಂದನ್ನು ಮುಂದಿಟ್ಟಿದ್ದಾರೆ: ಕ್ರೀಡಾಗ್ರಾಮದಲ್ಲಿ ತಮಗೆ ಒಗ್ಗುವ ಪೌಷ್ಟಿಕ ಆಹಾರವಿರಲಿಲ್ಲ, ಗಂಜಿ ಮತ್ತು ಉಪ್ಪಿನಕಾಯಿಯಲ್ಲೇ ದಿನ ಕಳೆಯಬೇಕಾಯಿತು, ಓಟದ ಕೊನೆಯ ಹಂತದಲ್ಲಿ ಅದರ ಪರಿಣಾಮ ಕಂಡಿತು ಎಂದು. ಎಂಟು ವರ್ಷಗಳ ತರಬೇತಿ ಮಾಡಬಲ್ಲದ್ದನ್ನು ಮಾಡಿತ್ತು. ಉಳಿದ ಅಂಶ ತರಬೇತುದಾರರ ಕೈಮೀರಿದ್ದು. ಆಹಾರ ತಜ್ಞರು, ವೈದ್ಯರು, ಅಂತರರಾಷ್ಟ್ರೀಯ ಸ್ಪರ್ಧೆಗಳ ಅನುಭವ ಮುಂತಾದವನ್ನು ಒದಗಿಸಬೇಕಾದುದು ವ್ಯವಸ್ಥೆ.

ಸೋಲಿನ ಮರುವರ್ಷವೇ ಗುರು-ಶಿಷ್ಯೆಯರ ಉತ್ತರ ಬಂತು. 1985ರ ಜಕಾರ್ತಾ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಉಷಾ ಐದು ಚಿನ್ನ, ಒಂದು ಕಂಚು ಗೆದ್ದರು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ ಬಂದವು.

ಇಲ್ಲಿ ಕರ್ನಾಟಕದ ಪಾಲೂ ಇದೆ. ಲಾಸ್ ಏಂಜಲೀಸ್‌ನಲ್ಲಿ 4x400 ಮೀಟರ್ ರಿಲೇಯ ಫೈನಲ್ ತಲುಪಿ ಏಳನೇ ಸ್ಥಾನ ಪಡೆದ ಭಾರತ ತಂಡದಲ್ಲಿ ಉಷಾ, ಎಂ.ಡಿ. ವಲ್ಸಮ್ಮ, ಶೈನಿ ಅಬ್ರಹಾಂ ಅವರ ಜತೆ ಓಡಿದವರು ಕರ್ನಾಟಕದ ವಂದನಾ ರಾವ್. ಸೋಲ್‌ನಲ್ಲಿ ಚಿನ್ನ ಗೆದ್ದ ರಿಲೇ ತಂಡದಲ್ಲಿ ವಂದನಾ ರಾವ್ ಅವರೊಂದಿಗೆ ನಮ್ಮವರೇ ಆದ ವಂದನಾ ಶಾನಭಾಗ್ ಕೂಡ ಇದ್ದರು. ನಂಬಿಯಾರ್ ಅವರಿಂದ ಮಾರ್ಗದರ್ಶನ ಪಡೆದವರಲ್ಲಿ ಶೈನಿ ಮತ್ತು ವಂದನಾ ರಾವ್ ಅವರ ಹೆಸರುಗಳೂ ಸೇರಿವೆ. ಒಬ್ಬ ಉಷಾ ಎಂಬ ಮಾತು ಅರ್ಧಸತ್ಯ. ಒಂದು ತಲೆಮಾರಿನ ಹುಡುಗಿಯರು ಒಟ್ಟಿಗೆ ಮೇಲೆದ್ದು ಬಂದರು.

39 ವರ್ಷ ಉಳಿದ ದಾಖಲೆ

ಉಷಾ ಅವರ 55.42 ಸೆಕೆಂಡ್‌ಗಳ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಲು ಭಾರತಕ್ಕೆ 39 ವರ್ಷ ಬೇಕಾಯಿತು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೊಯಮತ್ತೂರಿನ ವಿದ್ಯಾ ರಾಮರಾಜ್ ಅಷ್ಟೇ ಕಾಲದಲ್ಲಿ ಓಡಿದರು.

ಇದನ್ನು ಎರಡು ರೀತಿಯಲ್ಲಿ ಓದಬಹುದು. ಕಡಲತೀರದಲ್ಲಿ ಕಲಿಸಿದ ತರಬೇತುದಾರರ ಕೆಲಸ ಎಷ್ಟು ಗಟ್ಟಿಯಾಗಿತ್ತೆಂದರೆ, ಸಿಂಥೆಟಿಕ್ ಟ್ರ್ಯಾಕ್, ವಿದೇಶಿ ತಜ್ಞರು, ಕ್ರೀಡಾ ವಿಜ್ಞಾನ ಎಲ್ಲವೂ ಬಂದ ಮೇಲೂ ಸುಮಾರು ನಾಲ್ಕು ದಶಕ ಅದನ್ನು ಮೀರಲಾಗಲಿಲ್ಲ ಎಂಬುದು ಒಂದು. ನಂಬಿಯಾರ್ ಅವರಿಗೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ. ಇನ್ನೊಂದು ಓದು ಕಹಿಯಾದುದು. ಕಣ್ಣೂರಿನಲ್ಲಿ ಕಂಡ ಯಶಸ್ಸಿನ ಸೂತ್ರ ಕೈಯಲ್ಲೇ ಇದ್ದರೂ, ಅದನ್ನು ದೇಶದ ನೂರು ಕಡೆ ನೆಲೆಗೊಳಿಸುವ ಕೆಲಸ ಆಗಲಿಲ್ಲ. ಆಗಿದ್ದರೆ ಆ ದಾಖಲೆ ಎಂದೋ ಹಳೆಯದಾಗಿರುತ್ತಿತ್ತು. ದಾಖಲೆ ಬಹುಕಾಲ ಉಳಿಯುವುದು ವ್ಯಕ್ತಿಗೆ ಭೂಷಣ, ವ್ಯವಸ್ಥೆಗೆ ಅಲ್ಲ.

ಪ್ರಶಸ್ತಿಯ ವಿಳಂಬ

1985ರಲ್ಲಿ ಕೇಂದ್ರ ಸರ್ಕಾರ ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಆರಂಭಿಸಿತು. ಕುಸ್ತಿಯ ಭಾಲಚಂದ್ರ ಭಾಸ್ಕರ ಭಾಗವತ್, ಬಾಕ್ಸಿಂಗ್‌ನ ಓಂ ಪ್ರಕಾಶ್ ಭಾರದ್ವಾಜ್ ಅವರೊಂದಿಗೆ ಮೊದಲ ವರ್ಷವೇ ನಂಬಿಯಾರ್ ಅದಕ್ಕೆ ಭಾಜನರಾದರು. ಅದೇ ವರ್ಷ ಉಷಾ ಅವರಿಗೆ ಪದ್ಮಶ್ರೀ ಬಂತು. ಗುರುವಿಗೆ ಪದ್ಮಶ್ರೀ ಪ್ರಕಟವಾದದ್ದು 2021ರ ಜನವರಿಯಲ್ಲಿ, ಅಂದರೆ ಶಿಷ್ಯೆಗೆ ಬಂದ 36 ವರ್ಷಗಳ ನಂತರ. ಆ ವೇಳೆಗೆ ಅವರು ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲುತ್ತಿದ್ದರು. ಆ ವರ್ಷದ ಪದ್ಮ ಪ್ರಶಸ್ತಿಗಳ ಪ್ರದಾನ ಸಮಾರಂಭ ರಾಷ್ಟ್ರಪತಿ ಭವನದಲ್ಲಿ ನಡೆದದ್ದು ನವೆಂಬರ್‌ನಲ್ಲಿ. ನಂಬಿಯಾರ್ ಆಗಸ್ಟ್‌ನಲ್ಲೇ ಕಣ್ಮುಚ್ಚಿದ್ದರು.

ಪ್ರಶಸ್ತಿಯ ಹೆಸರಿನಲ್ಲೇ ಒಂದು ವಿಪರ್ಯಾಸ ಅಡಗಿದೆ. ಮಹಾಭಾರತದ ದ್ರೋಣರು ರಾಜಕುಮಾರರಿಗೆ ವಿದ್ಯೆ ಕಲಿಸಿದವರು. ಬೇಡರ ಹುಡುಗ ಏಕಲವ್ಯ ಬಂದಾಗ ಒಲ್ಲೆನೆಂದವರು. ಅವನು ತಾನೇ ಕಲಿತಾಗ ಹೆಬ್ಬೆರಳನ್ನು ಕೇಳಿದವರು. ಊರಿನ ಮೈದಾನದಲ್ಲಿ ನಿಂತು ಬಡವರ ಹೆಣ್ಣುಮಕ್ಕಳಿಗೆ ಆಟ ಕಲಿಸುವ ತರಬೇತುದಾರ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ. ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ನೀಡುವ ತನ್ನ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ ಎಂಬುದು ಈ ಸಂದರ್ಭದಲ್ಲಿ ಉಲ್ಲೇಖನೀಯ. ಆದರೆ ಹೆಸರು ಯಾವುದೇ ಇರಲಿ, ಪ್ರಶಸ್ತಿಯ ತರ್ಕ ಒಂದೇ: ಶಿಷ್ಯರು ಪದಕ ಗೆದ್ದ ಮೇಲೆ ಗುರುವಿನತ್ತ ನೋಡುವುದು. ಪದಕ ವಿಜೇತರ ತರಬೇತುದಾರರಿಗೆ ನಗದು ಬಹುಮಾನದಲ್ಲಿ ಪಾಲು ಕೊಡುವ ನಿಯಮಗಳೂ ಇದೇ ತರ್ಕವನ್ನು ಅನುಸರಿಸುತ್ತವೆ. ಮಗುವಿನ ಹನ್ನೆರಡರಿಂದ ಹದಿನೆಂಟರ ವಯಸ್ಸಿನವರೆಗೆ, ಯಾವ ಪದಕದ ಖಾತ್ರಿಯೂ ಇಲ್ಲದೆ ದುಡಿಯುವ ಕಾಲದಲ್ಲಿ ತರಬೇತುದಾರನಿಗೆ ಬೇಕಾದುದು ಪ್ರಶಸ್ತಿಯಲ್ಲ. ಖಾಯಂ ಕೆಲಸ, ಸಕಾಲಕ್ಕೆ ಸಂಬಳ, ಒಂದೇ ಕಡೆ ಬೇರೂರಲು ಅವಕಾಶ. ನಂಬಿಯಾರ್ ಅವರಿಗೆ ಅದು ದೊರೆತಿತ್ತು. ಹದಿನಾಲ್ಕು ವರ್ಷ ಅವರು ಒಬ್ಬ ಓಟಗಾರ್ತಿಯೊಂದಿಗೆ ಇರಲು ಸಾಧ್ಯವಾದುದು ತ್ಯಾಗದಿಂದ ಮಾತ್ರವಲ್ಲ, ಆ ಭದ್ರತೆಯಿಂದಲೂ ಹೌದು.

ವಿಶ್ವಾಸದ ಇನ್ನೊಂದು ಮುಖ

ಬಾಲಕಿಯರ ತರಬೇತಿಯ ಮಾತು ಬಂದಾಗ ಅಹಿತಕರವಾದ ವಿಷಯವೊಂದನ್ನು ಬದಿಗಿಡಲಾಗದು. ತಂದೆತಾಯಿಯರಿಂದ ದೂರವಿರುವ ಬಾಲಕಿಯ ಮೇಲೆ ತರಬೇತುದಾರನಿಗೆ ಇರುವ ಅಧಿಕಾರ ಅಪಾರ. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ಯಾವ ಕೂಟಕ್ಕೆ ಹೋಗಬೇಕು, ತಂಡದಲ್ಲಿ ಸ್ಥಾನ ಸಿಗಬೇಕೇ ಬೇಡವೇ ಎಂಬುದನ್ನೆಲ್ಲ ಆತನೇ ನಿರ್ಧರಿಸುತ್ತಾನೆ. ಅವನು ಒಳ್ಳೆಯವನಾದರೆ ಬಾಲಕಿಯ ಬದುಕು ಬೆಳಗುತ್ತದೆ. ಅಲ್ಲದಿದ್ದರೆ?

ಈ ಪ್ರಶ್ನೆ ಊಹೆಯದಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರದ ವಿವಿಧ ಕೇಂದ್ರಗಳಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಕನಿಷ್ಠ 45 ಲೈಂಗಿಕ ಕಿರುಕುಳದ ದೂರುಗಳು ದಾಖಲಾಗಿದ್ದವೆಂದೂ, ಅವುಗಳಲ್ಲಿ 29 ತರಬೇತುದಾರರ ವಿರುದ್ಧವೇ ಇದ್ದವೆಂದೂ ಮಾಹಿತಿ ಹಕ್ಕಿನಡಿ ಪಡೆದ ವಿವರಗಳಿಂದ 2020ರ ಜನವರಿಯಲ್ಲಿ ಬೆಳಕಿಗೆ ಬಂತು. ದೂರು ಕೊಡಲು ಧೈರ್ಯ ಸಾಲದ ಹುಡುಗಿಯರ ಲೆಕ್ಕ ಇದರಲ್ಲಿಲ್ಲ. 2023ರ ಜನವರಿಯಲ್ಲಿ ದೇಶದ ಅಗ್ರಮಾನ್ಯ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತು, ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷರ ವಿರುದ್ಧ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಆರೋಪಗಳನ್ನು ಅವರು ನಿರಾಕರಿಸಿದರು. ಒಲಿಂಪಿಕ್ಸ್ ಪದಕ ಗೆದ್ದವರೇ ಬೀದಿಗಿಳಿಯಬೇಕಾದರೆ, ಜಿಲ್ಲಾ ಮಟ್ಟದ ಹಾಸ್ಟೆಲಿನ ಹುಡುಗಿ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ ಆಗ ಎದುರಾಯಿತು.

ಆ ಹೊತ್ತಿಗೆ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಸ್ಥಾನದಲ್ಲಿದ್ದವರು ನಂಬಿಯಾರ್ ಅವರ ಶಿಷ್ಯೆ ಉಷಾ ಅವರೇ. 2022ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಅವರು ಆ ಹುದ್ದೆಗೇರಿದ ಮೊದಲ ಮಹಿಳೆ. ಬೀದಿಯಲ್ಲಿನ ಪ್ರತಿಭಟನೆ ಅಶಿಸ್ತಿಗೆ ಸಮ ಎಂಬ ಅರ್ಥದ ಅವರ ಹೇಳಿಕೆ 2023ರ ಏಪ್ರಿಲ್‌ನಲ್ಲಿ ತೀವ್ರ ಟೀಕೆಗೆ ಗುರಿಯಾಯಿತು. ಕೆಲವೇ ದಿನಗಳಲ್ಲಿ ಅವರು ಪ್ರತಿಭಟನಾ ಸ್ಥಳಕ್ಕೆ ತೆರಳಿ ಕುಸ್ತಿಪಟುಗಳನ್ನು ಭೇಟಿಯಾದರು. ಶಿಸ್ತನ್ನೇ ಉಸಿರಾಗಿಸಿಕೊಂಡ ತರಬೇತಿಯಲ್ಲಿ ಬೆಳೆದವರಿಗೆ ಪ್ರಶ್ನಿಸುವುದು ಅಶಿಸ್ತಾಗಿ ಕಾಣುವುದು ಅಸಹಜವೇನಲ್ಲ. ಆದರೆ ಗುರುವನ್ನು ನಂಬುವುದು ಮತ್ತು ಅಧಿಕಾರವನ್ನು ಪ್ರಶ್ನಿಸುವುದು ಎರಡೂ ಒಬ್ಬಳೇ ಹುಡುಗಿಯ ಹಕ್ಕುಗಳು. ಎರಡಕ್ಕೂ ಜಾಗ ಮಾಡಿಕೊಡುವುದು ಆಡಳಿತದ ಹೊಣೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಮಹಿಳೆಯರು ಮತ್ತು ಅಪ್ರಾಪ್ತ ವಯಸ್ಸಿನ ಕ್ರೀಡಾಪಟುಗಳ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿಯನ್ನೂ, ದೂರು ಪರಿಹಾರದ ವ್ಯವಸ್ಥೆಯನ್ನೂ, ವಿವಾದಗಳ ಇತ್ಯರ್ಥಕ್ಕೆ ನ್ಯಾಯಮಂಡಳಿಯನ್ನೂ ಒಳಗೊಂಡಿದೆ. ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಕಾಯ್ದೆಯ ಕಣ್ಣು ಮುಖ್ಯವಾಗಿ ರಾಷ್ಟ್ರೀಯ ಒಕ್ಕೂಟಗಳ ಮೇಲಿದೆ. ಬಾಲಕಿಯೊಬ್ಬಳು ಮೊದಲ ಬಾರಿಗೆ ತರಬೇತುದಾರನನ್ನು ಕಾಣುವುದು ತಾಲ್ಲೂಕು ಮೈದಾನದಲ್ಲಿ. ರಕ್ಷಣೆಯ ವ್ಯವಸ್ಥೆ ಅಲ್ಲಿಯವರೆಗೆ ಇಳಿದು ಬಾರದಿದ್ದರೆ ಪ್ರಯೋಜನ ಸೀಮಿತ. ಒಳ್ಳೆಯ ತರಬೇತುದಾರ ಸಿಗುವುದು ಅದೃಷ್ಟದ ಮಾತಾಗಬಾರದು. ಒಳ್ಳೆಯ ತರಬೇತುದಾರರಿಗೂ ಇಂಥ ವ್ಯವಸ್ಥೆ ಅಗತ್ಯ. ಸಂಶಯದ ನೆರಳಿಲ್ಲದೆ ಕೆಲಸ ಮಾಡಲು ಅದು ನೆರವಾಗುತ್ತದೆ.

ಉಳಿದ ಹುಡುಗಿಯರ ಯಶಸ್ಸು

1976ರಲ್ಲಿ ಕಣ್ಣೂರಿಗೆ ಬಂದ ನಲವತ್ತು ಬಾಲಕಿಯರಲ್ಲಿ ಉಷಾ ಒಬ್ಬರೇ. ಉಳಿದವರ ಹೆಸರುಗಳನ್ನು ದೇಶ ಅರಿಯದು. ಅವರ ಮೇಲೆ ಮಾಡಿದ ಖರ್ಚು ವ್ಯರ್ಥವಾಯಿತೇ? ಪದಕವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಹೌದೆನ್ನಬೇಕಾಗುತ್ತದೆ. ಆದರೆ ಕ್ರೀಡಾ ಹಾಸ್ಟೆಲ್ ಎಂಬುದು ಗ್ರಾಮೀಣ ಬಾಲಕಿಗೆ ಹೊಟ್ಟೆ ತುಂಬ ಊಟ, ಮುಂದುವರಿದ ಓದು, ಊರಾಚೆಯ ಪ್ರಪಂಚದ ಪರಿಚಯ, ಕ್ರೀಡಾ ಮೀಸಲಾತಿಯಡಿ ಉದ್ಯೋಗ ಗಳಿಸುವ ಅವಕಾಶ. ರೈಲ್ವೆ, ಆಹಾರ ನಿಗಮ, ಪೊಲೀಸ್ ಇಲಾಖೆಗಳಲ್ಲಿ ಹೀಗೆ ಕೆಲಸ ಪಡೆದ ಮಹಿಳೆಯರು ಒಂದು ತಲೆಮಾರಿನ ಕುಟುಂಬಗಳ ಆರ್ಥಿಕ ಸ್ಥಿತಿಯನ್ನೇ ಬದಲಿಸಿದ್ದಾರೆ. ಸ್ವತಃ ಉಷಾ ಅವರು ದಕ್ಷಿಣ ರೈಲ್ವೆಯ ಉದ್ಯೋಗಿಯಾಗಿದ್ದರು. ಶೈನಿ ಅವರು ಆಹಾರ ನಿಗಮದಲ್ಲಿ ಸೇವೆ ಸಲ್ಲಿಸಿದರು.

ಊರಿನ ತರಬೇತುದಾರನ ನಿಜವಾದ ಕೊಡುಗೆಯನ್ನು ಅಳೆಯಬೇಕಾದುದು ಇಲ್ಲಿಯೇ. ನೂರು ಹುಡುಗಿಯರಲ್ಲಿ ಒಬ್ಬಳು ಒಲಿಂಪಿಕ್ಸ್‌ಗೆ ಹೋಗಬಹುದು. ಉಳಿದವರು ಓದು ಬಿಡದೆ ಉಳಿದರೆ, ಬಾಲ್ಯವಿವಾಹದಿಂದ ಪಾರಾದರೆ, ತಮ್ಮ ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ತಾಯಂದಿರಾದರೆ ಅದೂ ಫಲಿತಾಂಶವೇ. ಕಲಿತವರಲ್ಲಿ ಕೆಲವರು ಕಲಿಸುವವರಾಗುತ್ತಾರೆ ಎಂಬುದು ಇನ್ನೂ ದೊಡ್ಡ ಮಾತು. ಉಷಾ ಅವರು 2002ರಲ್ಲಿ ಕೋಯಿಲಾಂಡಿಯಲ್ಲಿ ತಮ್ಮ ಅಥ್ಲೆಟಿಕ್ಸ್ ಶಾಲೆಯನ್ನು ತೆರೆದರು. ಅಲ್ಲಿ ಬೆಳೆದ ಟಿಂಟು ಲೂಕಾ 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಓಡಿದರು. ನಮ್ಮ ಕೊಡಗಿನ ಅಶ್ವಿನಿ ನಾಚಪ್ಪ ಅವರೂ ಟ್ರ್ಯಾಕಿನಿಂದ ನಿವೃತ್ತರಾದ ಮೇಲೆ ಗೋಣಿಕೊಪ್ಪದಲ್ಲಿ ಶಿಕ್ಷಣ ಮತ್ತು ಕ್ರೀಡೆ ಎರಡನ್ನೂ ಬೆಸೆದ ಶಾಲೆಯನ್ನು ಕಟ್ಟಿದರು.

ಹಾಗಿದ್ದರೂ ತರಬೇತಿ ಕ್ಷೇತ್ರದಲ್ಲಿ ಮಹಿಳೆಯರ ಸಂಖ್ಯೆ ಇಂದಿಗೂ ತೀರ ಕಡಿಮೆ. ದ್ರೋಣಾಚಾರ್ಯ ಪ್ರಶಸ್ತಿ ಪಡೆದವರ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಇದು ಸ್ಪಷ್ಟವಾಗುತ್ತದೆ. ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳುಹಿಸಲು ಹಿಂಜರಿಯುವ ತಂದೆತಾಯಿಯರಿಗೆ ಅಲ್ಲಿ ಒಬ್ಬ ಮಹಿಳಾ ತರಬೇತುದಾರರು ಇರುವುದೇ ಅರ್ಧ ಧೈರ್ಯ. ನಿವೃತ್ತ ಕ್ರೀಡಾಪಟುಗಳನ್ನು ತರಬೇತಿಗೆ ಸೆಳೆಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕರ್ನಾಟಕಕ್ಕೆ ಪಾಠ

ಮಂಗಳೂರಿನಿಂದ ಕಣ್ಣೂರಿಗೆ ರೈಲಿನಲ್ಲಿ ಕೆಲವೇ ಗಂಟೆಗಳ ಹಾದಿ. ಪಯ್ಯೋಳಿಯ ಮರಳಿಗೂ ನಮ್ಮ ಕರಾವಳಿಯ ಮರಳಿಗೂ ವ್ಯತ್ಯಾಸವಿಲ್ಲ. ಮಂಗಳೂರಿನ ಎಂ.ಆರ್. ಪೂವಮ್ಮ ಅವರು ಏಷ್ಯನ್ ಕ್ರೀಡಾಕೂಟದ ರಿಲೇ ಚಿನ್ನವನ್ನು 2014 ಮತ್ತು 2018ರಲ್ಲಿ ಗೆದ್ದ ತಂಡಗಳಲ್ಲಿದ್ದರು. ಪ್ರತಿಭೆಯ ಕೊರತೆ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಬೆಂಗಳೂರಿನ ವಿದ್ಯಾನಗರವೂ ಸೇರಿದಂತೆ ಜಿಲ್ಲೆಗಳಲ್ಲಿ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತಿದೆ. ಕಣ್ಣೂರಿನಲ್ಲಿದ್ದ ಎರಡನೆಯ ಕೊಂಡಿ ನಮ್ಮಲ್ಲೂ ಇದೆ ಎಂದಾಯಿತು.

ಸಡಿಲವಾಗಿರುವುದು ಮೊದಲನೆಯ ಮತ್ತು ಮೂರನೆಯ ಕೊಂಡಿಗಳು. ಮೈದಾನವಿಲ್ಲದ ಶಾಲೆಗಳು, ದೈಹಿಕ ಶಿಕ್ಷಣ ಶಿಕ್ಷಕರಿಲ್ಲದ ಶಾಲೆಗಳು, ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳು ನಗರದಲ್ಲೂ ಹಳ್ಳಿಯಲ್ಲೂ ಇವೆ. ನಾಲ್ಕನೇ ತರಗತಿಯ ಹುಡುಗಿಯನ್ನು ದೊಡ್ಡವರೆದುರು ಓಡಿಸಿ ನೋಡುವ ಶಿಕ್ಷಕರೇ ಇಲ್ಲದ ಮೇಲೆ ಹಾಸ್ಟೆಲಿಗೆ ಯಾರನ್ನು ಆರಿಸುವುದು? ಇನ್ನು ಗುತ್ತಿಗೆಯ ಮೇಲೆ ನೇಮಕಗೊಳ್ಳುವ ತರಬೇತುದಾರರಿಂದ ಏಳೆಂಟು ವರ್ಷಗಳ ಯೋಜನೆಯನ್ನು ನಿರೀಕ್ಷಿಸುವುದಾದರೂ ಹೇಗೆ? ಬರುವ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ತಿಳಿಯದವರು ಹನ್ನೆರಡು ವರ್ಷದ ಹುಡುಗಿಗೆ ಇಪ್ಪತ್ತರ ಗುರಿ ತೋರಿಸಲಾರರು.

ಪರಿಹಾರ ಕಠಿಣವೇನಲ್ಲ. ಬಾಲಕಿಯರ ತರಬೇತಿಗೆ ನೇಮಕವಾದವರಿಗೆ ಕನಿಷ್ಠ ಒಂದು ತಂಡ ಬೆಳೆದು ಹೊರಬರುವವರೆಗೆ ಸೇವಾ ಭದ್ರತೆ ಬೇಕು. ವರ್ಗಾವಣೆಯಿಂದ ವಿನಾಯಿತಿ ಬೇಕು. ಪ್ರತಿ ಹಾಸ್ಟೆಲಿನಲ್ಲೂ ತರಬೇತುದಾರರಿಗೆ ಅಧೀನವಲ್ಲದ, ಹುಡುಗಿಯರು ನಿರ್ಭಯವಾಗಿ ಮಾತನಾಡಬಹುದಾದ ದೂರು ವ್ಯವಸ್ಥೆ ಬೇಕು. ತರಬೇತುದಾರರ ಕೆಲಸವನ್ನು ಅಳೆಯುವಾಗ ಪದಕಗಳ ಜತೆಗೆ ಎಷ್ಟು ಬಾಲಕಿಯರು ಐದು ವರ್ಷ ಆಟದಲ್ಲೂ ಓದಿನಲ್ಲೂ ಉಳಿದರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇವುಗಳಿಗೆ ತಗಲುವ ವೆಚ್ಚ ಒಂದು ದೊಡ್ಡ ಕ್ರೀಡಾಂಗಣದ ನಿರ್ಮಾಣ ವೆಚ್ಚದ ಮುಂದೆ ಅಲ್ಪ. ಆದರೆ ಕ್ರೀಡಾಂಗಣಕ್ಕೆ ಉದ್ಘಾಟನೆ ಇರುತ್ತದೆ, ಫಲಕದ ಮೇಲೆ ಹೆಸರು ಇರುತ್ತದೆ. ತರಬೇತುದಾರನ ದಿನಚರಿಗೆ ಇವೆರಡೂ ಇಲ್ಲ. ನಮ್ಮ ಆದ್ಯತೆಗಳು ಏಕೆ ಹೀಗಿವೆ ಎಂಬುದಕ್ಕೆ ಇದೂ ಒಂದು ಕಾರಣ.

ನಂಬಿಯಾರ್ ಅವರನ್ನು ಗೌರವಿಸಲು ಪ್ರತಿಮೆಯ ಅಗತ್ಯವಿಲ್ಲ. 1976ರಲ್ಲಿ ಒಂದು ರಾಜ್ಯ ಸರ್ಕಾರ ನಲವತ್ತು ಹುಡುಗಿಯರಿಗೆ ಊಟ, ವಸತಿ, ಶಿಷ್ಯವೇತನ ಕೊಟ್ಟು, ಅವರ ಮುಂದೆ ಒಬ್ಬ ಅರ್ಹ ವ್ಯಕ್ತಿಯನ್ನು ನಿಲ್ಲಿಸಿ, ಆತನನ್ನು ಅಲ್ಲಿಂದ ಕದಲಿಸದೆ ಬಿಟ್ಟಿತು. ಎಂಟು ವರ್ಷಗಳ ನಂತರ ದೇಶವು ಒಲಿಂಪಿಕ್ಸ್ ಪದಕದ ಹೊಸ್ತಿಲಲ್ಲಿ ನಿಂತಿತ್ತು. 2036ಕ್ಕೆ ಸಿದ್ಧತೆ ನಡೆಸುವವರು ಮಾಡಬೇಕಾದುದೂ ಇಷ್ಟೇ. ಅದನ್ನು ಈಗಲೇ, ಪ್ರತಿ ಜಿಲ್ಲೆಯಲ್ಲೂ ಮಾಡಬೇಕು. ಆ ಕೂಟದಲ್ಲಿ ಓಡಬೇಕಾದ ಹುಡುಗಿಗೆ ವಯಸ್ಸಾಗುತ್ತಿದೆ. ಅವಳು ಕಡತಗಳ ವಿಲೇವಾರಿಗೆ ಕಾಯುವುದಿಲ್ಲ.